ಯಾವ ಮೋರಿ, ಯಾವ ಹೊತ್ತು: ಒಂದು ಕೆರೆಯ ದೂರು ಗಟ್ಟಿಯಾದ ಬಗೆ

ಬೆಂಗಳೂರಿಗೆ ಹತ್ತಿರದ ಜಿಲ್ಲೆಯೊಂದರ ಹಳ್ಳಿಯಲ್ಲಿ ನಡೆದ ಪ್ರಕರಣ ಇದು. ಊರು, ವ್ಯಕ್ತಿ, ಕಾರ್ಖಾನೆ, ಕಚೇರಿ ಯಾವುದರ ಹೆಸರನ್ನೂ ಇಲ್ಲಿ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇವೆ. ನೀರಿನ ಲಕ್ಷಣ, ಕಾನೂನು, ಅಳತೆಗಳ ಮಾತನ್ನು ಮಾತ್ರ ಬದಲಿಸಿಲ್ಲ. ಬೇರೆ ಊರಿನವರಿಗೆ ಉಪಯೋಗಕ್ಕೆ ಬರುವುದು ಅದೇ.

ಹಿನ್ನೆಲೆ

ಒಂದರ ಕೋಡಿ ಬಿದ್ದರೆ ಇನ್ನೊಂದು ತುಂಬುವ ಸಾಲು ಕೆರೆಗಳಲ್ಲಿ ಈ ಊರಿನದು ಕೆಳಗಿನ ಕೆರೆ. ಮೇಲುಗಡೆ ನಗರಸಭೆ ಇರುವ ಪಟ್ಟಣ, ಅದರ ಪಕ್ಕದಲ್ಲಿ ಕೈಗಾರಿಕಾ ಪ್ರದೇಶ. ಅಲ್ಲಿ ನೂಲಿಗೆ, ಬಟ್ಟೆಗೆ ಬಣ್ಣ ಹಾಕುವ ಘಟಕಗಳು ಹೆಚ್ಚು. ಕೆರೆ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಆದರೆ ದನಕರು ಕುಡಿಯುತ್ತಿದ್ದವು, ಅಂಗಳದ ಹುಲ್ಲು ಡೇರಿ ಹಸುಗಳ ಮೇವಾಗುತ್ತಿತ್ತು, ಮೀನು ಪಾಶುವಾರು, ಅಂದರೆ ಮೀನು ಹಿಡಿಯುವ ಹಕ್ಕಿನ ಹರಾಜಿನ ಹಣ ಪಂಚಾಯಿತಿಗೆ ಬರುತ್ತಿತ್ತು. ಅಚ್ಚುಕಟ್ಟಿನ ಕೊಳವೆಬಾವಿಗಳಿಗೆ ಇಂಗುತ್ತಿದ್ದುದೂ ಇದೇ ನೀರು.

ಊರಿನ ಬಹುತೇಕ ಮನೆಗಳಲ್ಲಿ ಒಬ್ಬರಾದರೂ ಆ ಕೈಗಾರಿಕಾ ಪ್ರದೇಶದಲ್ಲಿ ದುಡಿಯುತ್ತಾರೆ. ಇದನ್ನು ಮೊದಲೇ ಹೇಳಬೇಕು, ಮುಂದಿನ ಎಷ್ಟೋ ತೀರ್ಮಾನಗಳ ಹಿಂದೆ ಈ ಸಂಗತಿ ಇತ್ತು. ಕಾರ್ಖಾನೆ ಮುಚ್ಚಿಸಿ ಎಂದು ಆ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ನೀರು ಬಿಡುವುದನ್ನು ನಿಲ್ಲಿಸಿ ಎಂದಷ್ಟೇ ಕೇಳುತ್ತಿದ್ದರು.

ಸಮಸ್ಯೆ

ನಮ್ಮ ಸ್ವಯಂಸೇವಕ ತಂಡವನ್ನು ಕರೆಸಿದ್ದು ಸ್ವಸಹಾಯ ಸಂಘದ ಅಧ್ಯಕ್ಷೆ. ಹಳೆಯ ದೂರುಗಳ ಪ್ರತಿಗಳನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದರು. ತಹಶೀಲ್ದಾರರಿಗೆ, ಶಾಸಕರಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಬರೆದ ಎಲ್ಲದರ ಒಕ್ಕಣೆಯೂ ಒಂದೇ: ‘ನಮ್ಮ ಊರಿನ ಕೆರೆ ನೀರು ಕಲುಷಿತಗೊಂಡಿದ್ದು, ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’ ಕೆಳಗೆ ಪುಟಗಟ್ಟಲೆ ಸಹಿ, ಹೆಬ್ಬೆಟ್ಟು. ಒಂದು ದೂರಿಗೆ ಉತ್ತರವೂ ಬಂದಿತ್ತು. ಅಧಿಕಾರಿ ಮಧ್ಯಾಹ್ನ ಬಂದು ನೋಡಿದ್ದರು; ಪರಿಶೀಲನೆಯ ವೇಳೆ ವಿಸರ್ಜನೆ ಕಂಡುಬಂದಿಲ್ಲ ಎಂದು ಬರೆದು ಹೋಗಿದ್ದರು.

ಊರಿನವರು ಇದನ್ನು ಮೋಸ ಎಂದೇ ನಂಬಿದ್ದರು. ನಮಗೆ ಹಾಗೆ ಅನಿಸಲಿಲ್ಲ. ಬಣ್ಣದ ನೀರು ಬರುತ್ತಿದ್ದುದು ಯಾವಾಗಲೋ, ಅಧಿಕಾರಿ ಬಂದದ್ದು ಇನ್ಯಾವಾಗಲೋ. ಯಾವ ಹೊತ್ತಿನಲ್ಲಿ ಬರಬೇಕು, ಯಾವ ಜಾಗದಲ್ಲಿ ನಿಲ್ಲಬೇಕು ಎಂದು ಆ ದೂರುಗಳಲ್ಲಿ ಒಂದೂ ಹೇಳಿರಲಿಲ್ಲ. ಕೆರೆ ಏರಿಯ ಮೇಲೆ ನಿಂತು ‘ನೀರು ಕೆಟ್ಟಿದೆ’ ಎಂದರೆ ಕಣ್ಣಿಗೆ ಕಾಣುವುದು ಇಡೀ ಕೆರೆ. ಕಾನೂನಿನ ಕೈಗೆ ಸಿಗುವುದು ಒಂದು ಕೊಳವೆ, ಒಂದು ಮೋರಿ, ಒಂದು ಗಳಿಗೆ.

ಮೊದಲು ಊರಿನ ಮಾತು

ಜಲಜೀವನ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಾ ಕಿಟ್ ಬಳಸಲು ಕಲಿಸಬೇಕೆಂಬ ನಿಯಮವಿದೆ. ಇಲ್ಲಿಯೂ ಕಲಿತವರಿದ್ದರು, ಕಿಟ್ ಪಂಚಾಯಿತಿ ಬೀರುವಿನಲ್ಲಿತ್ತು. ಅದರಿಂದಲೇ ಶುರು ಮಾಡೋಣ ಎಂಬ ಸಲಹೆ ಬಂತು. ಆದರೆ ಆ ಕಿಟ್ ಇರುವುದು ಕುಡಿಯುವ ನೀರಿಗೆ. ಫ್ಲೋರೈಡ್, ನೈಟ್ರೇಟ್, ಗಡಸುತನ, ಕಬ್ಬಿಣ, ಉಳಿಕೆ ಕ್ಲೋರಿನ್ ಇಂಥವನ್ನು ಅದು ತೋರಿಸುತ್ತದೆ; ಬಟ್ಟೆಗೆ ಹಾಕುವ ಬಣ್ಣವನ್ನೋ ಭಾರಲೋಹವನ್ನೋ ತೋರಿಸುವುದಿಲ್ಲ. ಮನೆಮನೆಯಲ್ಲಿದ್ದ ಟಿಡಿಎಸ್ ಪೆನ್ನಿನದೂ ಇದೇ ಕತೆ. ಶುದ್ಧ ನೀರಿನ ಘಟಕಗಳು ಬಂದ ಮೇಲೆ ಅಂಕಿ ಕಡಿಮೆ ಬಂದರೆ ನೀರು ಒಳ್ಳೆಯದು ಎಂಬ ನಂಬಿಕೆ ಊರೂರಲ್ಲಿ ಬೇರುಬಿಟ್ಟಿದೆ. ಆ ಪೆನ್ನು ಅಳೆಯುವುದು ಕರಗಿದ ಲವಣವನ್ನು. ಕಾಲರಾ ತರುವ ನೀರಿಗೂ ಅದು ಚೆಂದದ ಅಂಕಿಯನ್ನೇ ಕೊಟ್ಟೀತು.

ಹಾಗಾಗಿ ಅರಳಿಕಟ್ಟೆಯಲ್ಲಿ ಕೂತು ಊರಿನವರು ಏನೇನು ಕಂಡಿದ್ದಾರೆ ಎಂದು ಕೇಳುವುದರಿಂದ ಆರಂಭಿಸಿದೆವು. ದನ ಮೇಯಿಸುವ ಅಜ್ಜಿಯೊಬ್ಬರು ಹೇಳಿದರು: “ನೀರು ಕೆಟ್ಟೈತೆ ಅಂತ ನಮ್ಮ ಎಮ್ಮೆನೇ ಹೇಳ್ತದೆ ಕಣಪ್ಪ. ಮೂತಿ ಇಕ್ಕಿ ಹಂಗೇ ತಿರುಕ್ಕೊಂಡು ಬತ್ತದೆ. ಎಲ್ಲಾ ದಿನ ಅಲ್ಲ, ಕೆಲವು ದಿನ.” ಆ ‘ಕೆಲವು ದಿನ’ ಎಂಬ ಮಾತಿನ ಮೇಲೆಯೇ ಮುಂದಿನ ಕೆಲಸವೆಲ್ಲ ನಿಂತಿತು.

ಅವರು ಹೇಳಿದ ಒಂದೊಂದು ಗುರುತನ್ನೂ ಕಾರಣದ ಜೊತೆ ಕೂಡಿಸುತ್ತ ಹೋದೆವು. ಕೊಳೆತ ಮೊಟ್ಟೆಯ ವಾಸನೆ ಮತ್ತು ಕಪ್ಪು ಕೆಸರು ಎಂದರೆ ತಳದಲ್ಲಿ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ. ಹಸಿರು ಬಣ್ಣ ಬಳಿದಂತೆ ಕೆನೆಗಟ್ಟಿದರೆ ಪಾಚಿ ಅತಿಯಾಗಿದೆ, ಕೊಳಚೆಯ ರಂಜಕ, ಸಾರಜನಕ ಅದರ ಗೊಬ್ಬರ. ಅದರಲ್ಲಿ ನೀಲಿಹಸಿರು ಜಾತಿಯದಿದ್ದರೆ ದನಕ್ಕೆ ವಿಷವಾಗುವ ಸಂಭವವೂ ಇದೆ. ನೊರೆ ಕಂಡ ಕೂಡಲೇ ಸೋಪಿನದು ಅನ್ನಬಾರದು. ಕೊಳೆತ ಎಲೆಯಿಂದಲೂ ನೊರೆ ಬರುತ್ತದೆ, ಅದು ತುಸು ಕಂದು, ಮಣ್ಣಿನ ವಾಸನೆ, ಬೇಗ ಒಡೆಯುತ್ತದೆ. ಡಿಟರ್ಜೆಂಟಿನ ನೊರೆ ಬಿಳಿ, ಗುಡ್ಡೆಯಾಗಿ ನಿಲ್ಲುತ್ತದೆ. ಬೆಳ್ಳಂದೂರು ಕೆರೆಯ ಚಿತ್ರಗಳಲ್ಲಿ ರಾಜ್ಯವೇ ನೋಡಿದ್ದು ಅದನ್ನು. ಎಲ್ಲರಿಗೂ ಹಿಡಿಸಿದ್ದು ಎಣ್ಣೆ ಪದರದ ಪರೀಕ್ಷೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಕಡ್ಡಿಯಿಂದ ಕಲಕಬೇಕು. ಗಾಜಿನ ಚೂರಿನಂತೆ ಒಡೆದು ಬೇರೆಯಾದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ, ಸಹಜವಾದದ್ದು. ಸುಳಿದು ಮತ್ತೆ ಕೂಡಿಕೊಂಡರೆ ಡೀಸೆಲ್ಲೋ ಆಯಿಲ್ಲೋ ಇರಬೇಕು. ಹೈಸ್ಕೂಲು ಹುಡುಗರು ಮಾರನೆಯ ದಿನವೇ ಗದ್ದೆಯಂಚಿನ ಗುಂಡಿಗಳಲ್ಲಿ ಇದನ್ನು ಮಾಡಿನೋಡಿ, ಎಷ್ಟೋ ಕಡೆ ಕಬ್ಬಿಣವೇ ಎಂದು ಬಂದು ಹೇಳಿದರು. ತಾವು ಅನುಮಾನಿಸಿದ್ದರಲ್ಲಿ ಸುಳ್ಳು ಯಾವುದೆಂದು ತಾವೇ ತೆಗೆದುಹಾಕಿದ ಆ ದಿನ ಸಭೆಯ ಧಾಟಿ ಬದಲಾಯಿತು.

ಕಾಲುವೆ ಹಿಡಿದು ನಡೆದದ್ದು

ಮುಂದಿನ ತೀರ್ಮಾನ, ಕೆರೆಗೆ ಬೆನ್ನು ಮಾಡಿ ಕಾಲುವೆಯ ಜಾಡು ಹಿಡಿದು ಮೇಲಕ್ಕೆ ನಡೆಯುವುದು. ನೀರುಗಂಟಿ ಮುಂದೆ ನಡೆದರು, ಅವರಿಗೆ ರಾಜಕಾಲುವೆಯ ಒಂದೊಂದು ತಿರುವೂ ಗೊತ್ತು. ಕೆರೆಗೆ ಮೂರು ಕಡೆಯಿಂದ ನೀರು ಸೇರುತ್ತಿತ್ತು: ಹುಣಸೆಮರದ ಮೋರಿ, ಸ್ಮಶಾನದ ಪಕ್ಕದ ಕಾಲುವೆ, ಹೆದ್ದಾರಿ ಸೇತುವೆಯ ಕೆಳಗಿನ ಹಳ್ಳ. ಹೆಸರುಗಳು ಊರಿನವರವೇ. ಮೂರಕ್ಕೂ ಕಲ್ಲಿನ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆಸಿದೆವು. ಇನ್ನು ಮುಂದೆ ಯಾರೂ ‘ಕೆರೆ’ ಅನ್ನಬಾರದು, ‘ಒಂದನೇ ಮೋರಿ’ ಅನ್ನಬೇಕು ಎಂದು ಒಪ್ಪಂದವಾಯಿತು.

ನೀರಿಗೆ ಇಳಿಯಕೂಡದು, ಬರಿಗೈಯಲ್ಲಿ ಮುಟ್ಟಕೂಡದು, ಮ್ಯಾನ್‌ಹೋಲ್ ಮುಚ್ಚಳ ತೆಗೆದು ಇಣುಕಲೇಕೂಡದು ಎಂಬ ಕಟ್ಟುಪಾಡೂ ಆ ದಿನವೇ ಆಯಿತು. ಒಳಗಿನ ಅನಿಲ ಒಂದೇ ಉಸಿರಿಗೆ ಆಳನ್ನು ಬೀಳಿಸಬಲ್ಲದು. ಯಾವ ಸಾಕ್ಷಿಯೂ ಒಂದು ಜೀವಕ್ಕೆ ಸಮನಲ್ಲ.

ಆಮೇಲೆ ಪುಸ್ತಕ. ದಪ್ಪ ರಟ್ಟಿನ ರೂಲ್ಡ್ ನೋಟ್‌ಬುಕ್ಕನ್ನು ಹಾಲಿನ ಡೇರಿಯಲ್ಲಿ ಇಟ್ಟೆವು. ಡೇರಿಗೆ ಹಾಲು ಹಾಕುವವರು ಬೆಳಗಿನ ಜಾವ ಮತ್ತು ಸಂಜೆ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಂದನೇ ಮೋರಿ ದಾಟಿ ಬರುತ್ತಾರೆ. ಯಾರಿಗೂ ಹೊಸ ಕೆಲಸ ಹೊರಿಸಬೇಕಾಗಲಿಲ್ಲ. ದಿನಾಂಕ, ಗಂಟೆ, ಮೋರಿ, ಬಣ್ಣ, ವಾಸನೆ, ನೀರಿನ ಓಟ, ಹಿಂದಿನ ರಾತ್ರಿ ಮಳೆ ಇತ್ತೋ ಇಲ್ಲವೋ, ಇಷ್ಟೇ ಕಲಮು. ನೋಡಿದವರ ಹೆಸರು ಬೇಡ ಎಂದು ಹೆಂಗಸರೇ ಹೇಳಿದರು: “ನಮ್ಮನೆಯೋರು ಅಲ್ಲೇ ಕೆಲಸಕ್ಕೆ ಹೋಗೋದು ಮೇಡಂ. ಹೆಸರು ಬರೆದ್ರೆ ನಾಳೆ ಗೇಟಲ್ಲಿ ನಿಲ್ಲಿಸ್ತಾರೆ.” ಪ್ರತಿ ಮನೆಗೂ ಒಂದು ಗುರುತು ಚಿಹ್ನೆ ಕೊಟ್ಟರು. ಅದರ ಪಟ್ಟಿ ಸಂಘದ ಅಧ್ಯಕ್ಷೆಯ ಹತ್ತಿರ ಮಾತ್ರ.

ನೀರು ಚೆನ್ನಾಗಿದ್ದ ದಿನವೂ ಬರೆಯಬೇಕು ಎಂದು ನಾವು ಪಟ್ಟುಹಿಡಿದೆವು. ಇದಕ್ಕೆ ಬಹಳ ವಿರೋಧ ಬಂತು. ಒಳ್ಳೆಯದನ್ನು ಬರೆದರೆ ನಮ್ಮ ದೂರನ್ನು ನಾವೇ ಕೆಡಿಸಿಕೊಂಡ ಹಾಗೆ ಎಂದರು. ಆದರೆ ಕೆಟ್ಟ ದಿನಗಳನ್ನಷ್ಟೇ ಬರೆದ ಪುಸ್ತಕ ಸಿಟ್ಟಿನ ಪುಸ್ತಕದಂತೆ ಕಾಣುತ್ತದೆ. ಜೊತೆಗೆ, ಖಾಲಿ ಬಿಟ್ಟ ದಿನ ನೀರು ಚೆನ್ನಾಗಿತ್ತೋ, ಬರೆಯುವವರೇ ಬಂದಿರಲಿಲ್ಲವೋ ಎಂದು ಯಾರಿಗೆ ತಿಳಿಯಬೇಕು?

ಪುಸ್ತಕ ಹೇಳಿದ್ದು

ಕೆಲವು ವಾರಗಳಲ್ಲಿ ಪುಟ ತಿರುವಿದರೇ ಕಾಣುವಷ್ಟು ಸ್ಪಷ್ಟವಾಯಿತು. ಒಂದನೇ ಮೋರಿಯಲ್ಲಿ ಬಣ್ಣದ ನೀರು ಬರುತ್ತಿದ್ದುದು ವಾರದ ರಜೆಯ ಆಚೀಚೆ, ಬೆಳಗಿನ ಜಾವ, ಹೊತ್ತು ಮೂಡುವ ಮೊದಲು. ಏಳು ಗಂಟೆಯ ಹೊತ್ತಿಗೆ ತಿಳಿಯಾಗಿಬಿಡುತ್ತಿತ್ತು. ಡೇರಿ ಹುಡುಗನೊಬ್ಬ ‘ಹಬೆ’ ಎಂದು ಬರೆದಿದ್ದ. ಚಳಿಗಾಲದ ಬೆಳಗಿನಲ್ಲಿ ಮೋರಿಯಿಂದ ಹಬೆ ಏಳುತ್ತಿದ್ದರೆ ನೀರು ಬಿಸಿ ಇದೆ ಎಂದರ್ಥ. ಕೊಳಚೆ ನೀರು ಹಾಗೆ ಬಿಸಿಯಾಗಿ ಬರುವುದಿಲ್ಲ. ಬಣ್ಣದ ತೊಟ್ಟಿಯಿಂದ ಆಗಷ್ಟೇ ಬಿಟ್ಟ ನೀರು ಬರುತ್ತದೆ. ಹತ್ತಿಗೆ ಬಣ್ಣ ಕೂರಿಸಲು ಉಪ್ಪು, ಸೋಡಾ ಧಾರಾಳವಾಗಿ ಬೇಕು, ಆದ್ದರಿಂದ ಆ ನೀರು ಕ್ಷಾರವಾಗಿರುತ್ತದೆ, ಲವಣವೂ ಹೆಚ್ಚು. ಇಲ್ಲಿ ಟಿಡಿಎಸ್ ಪೆನ್ನು ನಿಜಕ್ಕೂ ಕೆಲಸಕ್ಕೆ ಬಂತು. ಉದ್ದ ಕೋಲಿಗೆ ಮಗ್ಗು ಕಟ್ಟಿ ಎತ್ತಿದ ನೀರಿಗೆ ಹುಳಿ-ಕ್ಷಾರ ತೋರಿಸುವ ಪಿಎಚ್ ಪಟ್ಟಿ ಹಾಕಿದರೆ ಗಾಢವಾಗಿ ನೀಲಿಗೆ ತಿರುಗುತ್ತಿತ್ತು, ಎಂದರೆ ಕ್ಷಾರ ಹೆಚ್ಚು. ಕೆರೆ, ಹಳ್ಳಗಳಿಗೆ ಬಿಡುವ ತ್ಯಾಜ್ಯ ನೀರಿನ ಪಿಎಚ್ 5.5ರಿಂದ 9ರ ಒಳಗಿರಬೇಕು ಎಂಬುದು ಸಾಮಾನ್ಯ ರಾಷ್ಟ್ರೀಯ ಮಾನದಂಡ.

ಎರಡನೇ ಕಾಲುವೆಯದು ಬೇರೆ ಲೆಕ್ಕ. ಅದು ದಿನವೂ ಬೂದು ಬಣ್ಣ, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಓಟ ಜೋರು. ಪಟ್ಟಣದ ಜನ ಎದ್ದು ಸ್ನಾನ ಮಾಡುವ ಹೊತ್ತು ಅದು. ಇದು ಮನೆಗಳ ಕೊಳಚೆ ಎಂದು ತಿಳಿಯಲು ಯಾರ ಪ್ರಯೋಗಾಲಯವೂ ಬೇಕಿರಲಿಲ್ಲ.

ಮೀನು ಸತ್ತ ಬೆಳಗು

ಬೇಸಿಗೆ ಕಳೆದು ಮೊದಲ ಜೋರು ಮಳೆ ಬಿದ್ದ ಮಾರನೆಯ ಮುಂಜಾನೆ ಕೆರೆ ತುಂಬ ಮೀನು ತೇಲಿತು. ಪ್ರಕರಣಕ್ಕೆ ತಿರುವು ಕೊಟ್ಟದ್ದು ಆ ಬೆಳಗು. ಯುವಕರು ಟ್ರ್ಯಾಕ್ಟರಿಗೆ ಸತ್ತ ಮೀನು ತುಂಬಿ ಕಾರ್ಖಾನೆ ಗೇಟಿಗೆ ಸುರಿಯಲು ಹೊರಟಿದ್ದರು. ರಸ್ತೆ ತಡೆಗೆ ಹೆದ್ದಾರಿಯಲ್ಲಿ ಕಲ್ಲು ಜೋಡಿಸಿಯಾಗಿತ್ತು. ಪಾಶುವಾರು ಹಿಡಿದವರು ಏರಿಯ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು.

ಅಧ್ಯಕ್ಷೆ ಟ್ರ್ಯಾಕ್ಟರಿನ ಮುಂದೆ ಬಂದು ನಿಂತು ಕೇಳಿದ್ದು ಒಂದೇ: “ಮೊದಲು ಏನು ಸತ್ತದೆ ನೋಡ್ರಪ್ಪ. ದೊಡ್ಡದೋ ಚಿಕ್ಕದೋ?” ಕಟ್ಟೆಯಲ್ಲಿ ಕಲಿತದ್ದನ್ನು ಅವರು ಮರೆತಿರಲಿಲ್ಲ. ತೇಲಿದ್ದು ಬಹುಪಾಲು ದೊಡ್ಡ ಕಾಟ್ಲಾ, ರೋಹು. ಸಣ್ಣ ಜಿಲೇಬಿ ಮೀನುಗಳು ಇನ್ನೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಗಾಳಿಯನ್ನೇ ಉಸಿರಾಡಬಲ್ಲ ಕ್ಯಾಟ್‌ಫಿಶ್‌ಗಳಿಗೆ ಏನೂ ಆಗಿರಲಿಲ್ಲ. ವಿಷ ಬಿದ್ದರೆ ಸಾಮಾನ್ಯವಾಗಿ ಸಣ್ಣವು ಮೊದಲು ಸಾಯುತ್ತವೆ, ಜಾತಿಭೇದ ಇರುವುದಿಲ್ಲ. ಆಮ್ಲಜನಕ ಸಾಲದೆ ಹೋದರೆ ದೊಡ್ಡವು ಮೊದಲು ಹೋಗುತ್ತವೆ, ಅದೂ ಬೆಳಗಿನ ಜಾವ, ಏಕೆಂದರೆ ರಾತ್ರಿಯೆಲ್ಲ ಪಾಚಿಯೂ ಅದೇ ಆಮ್ಲಜನಕವನ್ನು ಉಸಿರಾಡಿರುತ್ತದೆ. ಮೀನಿಗೆ ಲೀಟರಿಗೆ 4 ಮಿಲಿಗ್ರಾಂ ಆದರೂ ಕರಗಿದ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಬೇಸಿಗೆಯಿಡೀ ಎರಡನೇ ಕಾಲುವೆಯಲ್ಲಿ ಕೊಳೆತು ಕೂತಿದ್ದ ಕೊಳಚೆಯ ಕೆಸರನ್ನು ಒಂದೇ ಮಳೆ ತಳ್ಳಿಕೊಂಡು ಬಂದಿತ್ತು. ಲಕ್ಷಣಗಳೆಲ್ಲ ಬೊಟ್ಟು ಮಾಡಿದ್ದು ಪಟ್ಟಣದ ಕಡೆಗೆ. ಕಾರ್ಖಾನೆಯ ಕಡೆಗಲ್ಲ.

ಆ ಸಂಜೆಯ ಸಭೆಯಷ್ಟು ಬಿಸಿಯಾದ ಸಭೆ ಮತ್ತೊಂದಿರಲಿಲ್ಲ. ಮೀನಿನ ಫೋಟೋ ಪತ್ರಿಕೆಯಲ್ಲಿ ಬಂದಿದೆ, ಅದನ್ನೇ ಕಾರ್ಖಾನೆಯ ಮೇಲೆ ಹಾಕಿದರೆ ನಾಳೆಯೇ ಕ್ರಮವಾಗುತ್ತದೆ ಎಂದು ಬಹಳ ಜನ ವಾದಿಸಿದರು. ಅವರ ಆಸೆ ಅರ್ಥವಾಗುವಂಥದ್ದೇ. ಕೊನೆಗೆ ಎರಡು ಪ್ರತ್ಯೇಕ ದೂರು ಕೊಡುವುದೆಂದು ತೀರ್ಮಾನವಾಯಿತು: ಮೀನಿನದು ಮೀನುಗಾರಿಕೆ ಇಲಾಖೆಗೆ ಮತ್ತು ನಗರಸಭೆಗೆ, ಬಣ್ಣದ ನೀರಿನದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಇಡೀ ಪ್ರಕರಣದಲ್ಲಿ ಇದಕ್ಕಿಂತ ಬೆಲೆಬಾಳುವ ತೀರ್ಮಾನ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಎರಡನ್ನೂ ಗಂಟುಹಾಕಿದ್ದರೆ, ಮೀನು ಸತ್ತದ್ದು ಕೊಳಚೆಯಿಂದ ಎಂಬ ಒಂದು ವರದಿ ಬಣ್ಣದ ನೀರಿನ ದೂರನ್ನೂ ಮುಳುಗಿಸಿಬಿಡುತ್ತಿತ್ತು.

ಸಮ್ಮತಿ ಪತ್ರದ ಒಂದು ಸಾಲು

ಬಣ್ಣದ ನೀರಿನ ದೂರಿಗೆ ಬಲ ಬಂದದ್ದು ಕಾಗದದಿಂದ. ನೀರು ಬಿಡುವ ಪ್ರತಿ ಕಾರ್ಖಾನೆಯೂ 1974ರ ಜಲ ಕಾಯ್ದೆಯಂತೆ ಮಂಡಳಿಯ ಸಮ್ಮತಿ ಪಡೆಯಬೇಕು. ಆ ಸಮ್ಮತಿಯ ಷರತ್ತುಗಳ ವಹಿಯನ್ನು ತೊಂದರೆಗೊಳಗಾದ ಯಾರು ಬೇಕಾದರೂ ನೋಡಬಹುದೆಂದು ಅದೇ ಕಾಯ್ದೆಯ 25ನೇ ಕಲಂನಲ್ಲಿದೆ. ಊರಿನ ಪದವಿ ಓದುತ್ತಿದ್ದ ಹುಡುಗಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಪ್ರತಿ ತರಿಸಿದಳು. ಒಂದನೇ ಮೋರಿಯ ಮೇಲುಗಡೆ ಇದ್ದ ಘಟಕದ ಪತ್ರದಲ್ಲಿ, ಬಳಸಿದ ನೀರನ್ನೆಲ್ಲ ಒಳಗೇ ಶುದ್ಧೀಕರಿಸಿ ಮರುಬಳಕೆ ಮಾಡಬೇಕು, ಹೊರಗೆ ಒಂದು ಹನಿಯೂ ಬಿಡುವಂತಿಲ್ಲ ಎಂಬ ಷರತ್ತಿತ್ತು.

ಇಷ್ಟು ದಿನ ನಾವೆಲ್ಲ ನೀರಿನಲ್ಲಿ ಏನಿದೆ ಎಂದು ರುಜುವಾತು ಮಾಡುವುದು ಹೇಗೆಂದು ಯೋಚಿಸುತ್ತಿದ್ದೆವು. ಶೂನ್ಯ ವಿಸರ್ಜನೆಯ ಷರತ್ತು ಇದ್ದಾಗ ಏನಿದೆ ಎಂಬುದು ಆಮೇಲಿನ ಮಾತು. ಆವರಣದಿಂದ ಮಳೆನೀರಿನ ಚರಂಡಿಗೆ ಕೊಳವೆ ಇದೆ, ಮಳೆಯಿಲ್ಲದ ರಾತ್ರಿ ಅದರಲ್ಲಿ ನೀರು ಹರಿಯುತ್ತದೆ, ಅಷ್ಟೇ ಸಾಕು. ಪುಸ್ತಕದ ‘ಮಳೆ ಇತ್ತೋ ಇಲ್ಲವೋ’ ಕಲಮಿಗೆ ಆಗ ತೂಕ ಬಂತು.

ನಮ್ಮ ಬಾಟಲಿಯ ನೀರಿಗೆ ನ್ಯಾಯಾಲಯದಲ್ಲಿ ಎಷ್ಟು ಬೆಲೆ ಎಂಬುದನ್ನೂ ಊರಿನವರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆವು. 21ನೇ ಕಲಂ ಪ್ರಕಾರ ಮಂಡಳಿಯವರೇ ಘಟಕದವರಿಗೆ ತಿಳಿಸಿ ಮಾದರಿ ತೆಗೆಯಬೇಕು, ಎರಡು ಪಾಲು ಮಾಡಿ ಮೊಹರು ಹಾಕಿ ಸಹಿ ಪಡೆಯಬೇಕು, ಆಗಲೇ ಅದರ ಫಲಿತಾಂಶ ಸಾಕ್ಷಿ. ನಾವು ಎತ್ತಿದ ನೀರಿನಿಂದ ಆಗುವುದು ಅವರನ್ನು ಸರಿಯಾದ ಹೊತ್ತಿಗೆ ಕರೆಸುವ ಕೆಲಸ. ಅದಕ್ಕಾದರೂ ಶಿಸ್ತು ಬೇಕು: ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಬೇಕು, ಚೀಟಿ ಅಂಟಿಸಬೇಕು, ಐಸಿನಲ್ಲಿಟ್ಟು ತಡಮಾಡದೆ ಪ್ರಯೋಗಾಲಯಕ್ಕೆ ಒಯ್ಯಬೇಕು.

ಹೊಸ ದೂರು ಒಂದೇ ಪುಟ. ಮೋರಿಯ ಸಂಖ್ಯೆ, ಅಲ್ಲಿಗೆ ಹೋಗುವ ದಾರಿ, ವಾರದ ಯಾವ ದಿನ, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ, ಸಮ್ಮತಿ ಪತ್ರದ ಷರತ್ತಿನ ಸಾಲು, ಪುಸ್ತಕದ ಜೆರಾಕ್ಸ್. ಸಹಿ ಸಂಘದ್ದು, ಜೊತೆಗೆ ಗ್ರಾಮ ಪಂಚಾಯಿತಿಯ ಠರಾವು. ಸ್ವೀಕೃತಿಯ ಮೊಹರು ಹಾಕಿಸದೆ ಕಚೇರಿ ಬಿಟ್ಟು ಬರಲಿಲ್ಲ.

ಏನಾಯಿತು

ಅಧಿಕಾರಿ ಈ ಸಲ ನಸುಕಿನಲ್ಲಿ ಬಂದರು. ಎಲ್ಲಿ ನಿಲ್ಲಬೇಕೆಂದು ಅವರಿಗೆ ಗೊತ್ತಿತ್ತು. ಬಣ್ಣದ ನೀರು ಹರಿಯುವುದನ್ನು ಕಣ್ಣಾರೆ ಕಂಡು, ಜಾಡು ಹಿಡಿದು ಆವರಣದವರೆಗೆ ಹೋಗಿ, ನಿಯಮದಂತೆ ಮಾದರಿ ತೆಗೆದರು. ಘಟಕಕ್ಕೆ ನೋಟಿಸ್ ಹೋಯಿತು, ಚರಂಡಿಗೆ ಸೇರಿಸಿದ್ದ ಕೊಳವೆ ಮುಚ್ಚಿತು. ಊರಿನ ಯಾರ ಕೆಲಸವೂ ಹೋಗಲಿಲ್ಲ. ಒಂದನೇ ಮೋರಿಯ ಎದುರು ‘ತಿಳಿ’ ಎಂಬ ಪದವೇ ಪುಟಗಟ್ಟಲೆ ಬಂತು.

ಆಮೇಲೊಂದು ದಿನ ಮೂರನೇ ಹಳ್ಳದಲ್ಲಿ ಬಣ್ಣ ಕಂಡಿತು, ರಾತ್ರಿ ಟ್ಯಾಂಕರ್ ನಿಂತ ಗುರುತೂ ಇತ್ತು. ಪುಸ್ತಕ ಬರೆಯುವುದನ್ನು ನಿಲ್ಲಿಸಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದರ ದೂರು ಬರೆಯಲು ನಮ್ಮನ್ನು ಯಾರೂ ಕರೆಯಲಿಲ್ಲ, ಅವರೇ ಬರೆದು ಪ್ರತಿ ಕಳಿಸಿದರು.

ಕುಡಿಯುವ ನೀರಿನ ವಿಷಯಕ್ಕೆ ಬೇರೆಯೇ ದಾರಿ ಮಾಡಿಕೊಂಡದ್ದನ್ನು ಇಲ್ಲಿ ಹೇಳಲೇಬೇಕು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜೀವಗಳೇ ಹೋದವು. ನಲ್ಲಿಯಲ್ಲಿ ವಾಸನೆ ಬಂದರೆ, ಒಂದೇ ಬೀದಿಯ ಎರಡು ಮನೆಗಳಲ್ಲಿ ವಾಂತಿಭೇದಿ ಕಂಡರೆ ಪುಸ್ತಕ, ವಾರ, ಮಾದರಿ ಎಂದು ಕಾಯುವಂತಿಲ್ಲ. ಆ ಗಳಿಗೆಯಲ್ಲೇ ನೀರುಗಂಟಿಗೆ ಹೇಳಿ ನೀರು ನಿಲ್ಲಿಸಬೇಕು, ಆಶಾ ಕಾರ್ಯಕರ್ತೆಗೂ ಪಿಡಿಒಗೂ ಫೋನು ಹೋಗಬೇಕು. ಒಮ್ಮೆ ಕೆರೆಯಂಚಿನ ಕೊಳವೆಬಾವಿಯ ನೀರು ಕಿಟ್‌ನ ಎಚ್‌2ಎಸ್ ಬಾಟಲಿಯಲ್ಲಿ ಕಪ್ಪಗಾಯಿತು, ಎಂದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಸೂಚನೆ. ಬೀರುವಿನಲ್ಲಿದ್ದ ಕಿಟ್ ಸರಿಯಾದ ಕೆಲಸಕ್ಕೆ ಬಂದದ್ದು ಆ ದಿನ. ಪ್ರಯೋಗಾಲಯದ ವರದಿ ಬರುವ ಮೊದಲೇ ಆ ಬಾವಿಯನ್ನು ಕುಡಿಯುವ ನೀರಿನ ಸರಬರಾಜಿನಿಂದ ಬಿಡಿಸಿದರು.

ಬೇರೆ ಊರಿನವರು ಕೇಳಿದಾಗ

ಅಕ್ಕಪಕ್ಕದ ಹಳ್ಳಿಗಳವರು ಈಗ ಬಂದು ಯಾವ ಯಂತ್ರ ಕೊಂಡಿರಿ ಎಂದು ಕೇಳುತ್ತಾರೆ. ದುಬಾರಿಯದು ಏನೂ ಇಲ್ಲ. ಅವರಿಗೆ ನಾನು ಹೇಳುವುದು, ಊರಿನಲ್ಲಿ ದಿನಾ ಒಂದೇ ಹೊತ್ತಿಗೆ ನೀರಿನ ಪಕ್ಕ ಹಾದುಹೋಗುವವರು ಯಾರೆಂದು ಮೊದಲು ಹುಡುಕಿ ಎಂದು. ಇಲ್ಲಿ ಹಾಲಿನವರು, ಇನ್ನೊಂದು ಕಡೆ ಮೀನುಗಾರರೋ ಶಾಲಾ ವಾಹನದ ಚಾಲಕರೋ ಆಗಬಹುದು. ದೂರು ಕೊಡುವವರ ಅನ್ನಕ್ಕೆ ಕುತ್ತು ಬರದ ಹಾಗೆ ಪುಸ್ತಕ ರೂಪಿಸದಿದ್ದರೆ ಎಷ್ಟು ತರಬೇತಿ ಕೊಟ್ಟರೂ ಯಾರೂ ಬರೆಯುವುದಿಲ್ಲ. ಯಾವ ದೂರು ಯಾವ ಬಾಗಿಲಿಗೆ ಎಂಬುದು ಇತ್ಯರ್ಥವಾಗುವ ಮೊದಲು ಸಹಿ ಸಂಗ್ರಹಕ್ಕೆ ಇಳಿಯಬಾರದು.

ಎರಡನೇ ಕಾಲುವೆಯ ಕೊಳಚೆ ಇನ್ನೂ ಹರಿಯುತ್ತಿದೆ. ಪಟ್ಟಣದ ಒಳಚರಂಡಿ ಜಾಲ ಪೂರ್ತಿಯಾಗದೆ ಅದು ನಿಲ್ಲುವುದಿಲ್ಲ, ಆ ಕೆಲಸ ಒಂದು ನೋಟಿಸಿನಿಂದ ಮುಗಿಯುವಂಥದ್ದೂ ಅಲ್ಲ. ನಗರಸಭೆಗೆ ಕೊಟ್ಟ ದೂರಿನ ಬೆನ್ನು ಹತ್ತಿದಾಗ ಅಲ್ಲಿನವರು, ನಿಮ್ಮೂರ ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಅದು ಹೋಗುತ್ತಿದ್ದುದೂ ಅದೇ ಕೆರೆಗೆ. ಸಂಘದ ಹೆಂಗಸರು ಅದನ್ನು ನಾಲ್ಕನೇ ಮೋರಿ ಎಂದು ಪುಸ್ತಕಕ್ಕೆ ಸೇರಿಸಿ, ನರೇಗಾದಲ್ಲಿ ಇಂಗುಗುಂಡಿ ಮಾಡಿಸಲು ಗ್ರಾಮಸಭೆಯಲ್ಲಿ ಠರಾವು ಹಾಕಿಸಿದರು. ಹಿತ್ತಲು ಇರುವ ಮನೆಗಳಲ್ಲಿ ಗುಂಡಿಗಳಾಗಿವೆ. ಜಾಗವೇ ಇಲ್ಲದ ಒತ್ತಿನ ಕೇರಿಯ ಮನೆಗಳಿಗೆ ಸಾಮೂಹಿಕ ಗುಂಡಿ ಎಲ್ಲಿ ತೆಗೆಯುವುದೆಂಬ ಮಾತುಕತೆ ಪಂಚಾಯಿತಿಯಲ್ಲಿ ನಡೆಯುತ್ತಿದೆ.